ಸಿಂಹಾಸನದಿಂದ ಅಡುಗೆಮನೆಗೆ: ಕೊರಿಯಾ ಮತ್ತು ಚೀನಾದ ಅರಮನೆ ಧಾರಾವಾಹಿಗಳು

ಕೊರಿಯಾ ಮತ್ತು ಚೀನಾದ ಟೆಲಿವಿಷನ್‌ನಲ್ಲಿ ಅರಮನೆ ಧಾರಾವಾಹಿಗೆ ಅದರದೇ ಆದ ದೊಡ್ಡ ಪರಂಪರೆಯಿದೆ. ಪ್ರೇಮಕಥೆ, ಸಂಸಾರದ ಕಥೆಗಳು ಎಲ್ಲ ದೇಶಗಳಲ್ಲೂ ಬರುತ್ತವೆ. ಆದರೆ ರಾಜ, ರಾಣಿ, ಉಪಪತ್ನಿಯರು, ಮಂತ್ರಿಗಳು, ಊಳಿಗದ ಹೆಣ್ಣುಮಕ್ಕಳು ಒಂದೇ ಕೋಟೆಯೊಳಗೆ ಬದುಕುವ ಕಥೆಯನ್ನು 50, 70, ಕೆಲವೊಮ್ಮೆ 150 ಕಂತುಗಳವರೆಗೂ ನೋಡುಗರ ಕುತೂಹಲ ಆರದಂತೆ ನಡೆಸಿಕೊಂಡು ಹೋಗುವ ಹದ ಈ ಎರಡು ದೇಶಗಳವರಿಗೆ ಸಿದ್ಧಿಸಿದಷ್ಟು ಬೇರೆಯವರಿಗೆ ಸಿದ್ಧಿಸಿದ್ದು ಕಡಿಮೆ. ಎರಡೂ ಕಡೆ ಈ ಪ್ರಕಾರ ಮೊದಲು ಸಿಂಹಾಸನದ ಸುತ್ತಲೇ ಸುತ್ತುತ್ತಿತ್ತು. 1990ರ ದಶಕದ ಕೊನೆಯಿಂದ ಅದು ಔಷಧಶಾಲೆಗೆ, ಅಡುಗೆಮನೆಗೆ, ಕಸೂತಿ ಕೋಣೆಗೆ ಇಳಿಯಿತು. ಈ ಧಾರಾವಾಹಿಗಳು ಗಡಿ ದಾಟಿ ಪರದೇಶದ ಮನೆಗಳನ್ನು ಹೊಕ್ಕಿದ್ದಕ್ಕೆ ಮುಖ್ಯ ಕಾರಣ ಈ ಇಳಿತವೇ.

ಕೊರಿಯಾದಲ್ಲಿ ಟೆಲಿವಿಷನ್ ಶುರುವಾದದ್ದು 1956ರಲ್ಲಿ, ಸೋಲ್ ನಗರದ ಒಂದು ಖಾಸಗಿ ಕೇಂದ್ರದಿಂದ. ಕೊರಿಯಾ ಯುದ್ಧ ಮುಗಿದು ಮೂರೇ ವರ್ಷವಾಗಿದ್ದ ಬಡ ದೇಶದಲ್ಲಿ ಅದು ಹೆಚ್ಚು ಕಾಲ ನಿಲ್ಲಲಿಲ್ಲ. 1959ರಲ್ಲಿ ಬೆಂಕಿ ಬಿದ್ದು ಕೇಂದ್ರವೇ ಸುಟ್ಟುಹೋಯಿತು. ಸರ್ಕಾರಿ ಸಂಸ್ಥೆ ಕೆಬಿಎಸ್ 1961ರ ಡಿಸೆಂಬರ್ 31ರಂದು ಪ್ರಸಾರ ಆರಂಭಿಸಿತು, 1969ರಲ್ಲಿ ಎಂಬಿಸಿ ಬಂತು. ಆರಂಭದ ಐತಿಹಾಸಿಕ ಕಥೆಗಳು ಚಲನಚಿತ್ರ, ರೇಡಿಯೊ ಮತ್ತು ಪತ್ರಿಕೆಗಳ ಧಾರಾವಾಹಿ ಕಾದಂಬರಿಗಳ ದಾರಿಯಲ್ಲೇ ನಡೆದವು. ಎಲ್ಲರ ಕೈಗೂ ಮತ್ತೆ ಮತ್ತೆ ಸಿಗುತ್ತಿದ್ದ ಕಥೆ ಜಾಂಗ್ ಹುಯಿ-ಬಿನ್‌ಳದು: 17ನೆಯ ಶತಮಾನದಲ್ಲಿ ಊಳಿಗದ ಹೆಣ್ಣಾಗಿ ಅರಮನೆ ಸೇರಿ, ರಾಜ ಸುಕ್‌ಜೊಂಗ್‌ನ ಕಣ್ಣಿಗೆ ಬಿದ್ದು, ರಾಣಿಯ ಪಟ್ಟಕ್ಕೇರಿ, ಅದರಿಂದ ಕೆಳಗಿಳಿದು, 1701ರಲ್ಲಿ ರಾಜಾಜ್ಞೆಯಂತೆ ಪ್ರಾಣ ಕಳೆದುಕೊಂಡವಳು. 1971ರಲ್ಲಿ ಎಂಬಿಸಿ ಇದನ್ನು ತೆರೆಗೆ ತಂದಾಗ ಆ ಪಾತ್ರ ಮಾಡಿದ್ದು ಯೂನ್ ಯೊ-ಜಂಗ್. ಅರ್ಧ ಶತಮಾನದ ನಂತರ, 2021ರಲ್ಲಿ, 'ಮಿನಾರಿ' ಚಿತ್ರಕ್ಕಾಗಿ ಆಸ್ಕರ್ ಪಡೆದದ್ದು ಇದೇ ನಟಿ. ಜಾಂಗ್ ಹುಯಿ-ಬಿನ್‌ಳ ಕಥೆಯಂತೂ ಹೊಸ ತಲೆಮಾರು ಬಂದಾಗಲೆಲ್ಲ ಹೊಸ ನಟಿಯೊಂದಿಗೆ ಮರಳಿ ಬಂದಿದೆ. ಬಹುಕಾಲ ಅವಳು ಬರಿಯ ದುಷ್ಟೆ. ಅವಳ ಎದುರಿನ ರಾಣಿ ಬರಿಯ ಸಾಧ್ವಿ. ಹಳೆಯ ಅರಮನೆ ಧಾರಾವಾಹಿಗಳಲ್ಲಿ ಹೆಂಗಸಿಗೆ ಸಿಗುತ್ತಿದ್ದ ಜಾಗ ಇಷ್ಟೇ.

1980ರ ಡಿಸೆಂಬರಿನಲ್ಲಿ ಬಣ್ಣದ ಪ್ರಸಾರ ಬಂದದ್ದು ಉಳಿದ ಕಾರ್ಯಕ್ರಮಗಳಿಗಿಂತ ಅರಮನೆ ಕಥೆಗೆ ಹೆಚ್ಚು ಉಪಕಾರ ಮಾಡಿತು. ಕೊರಿಯಾವನ್ನು ಆಳಿದ ಜೋಸನ್ ವಂಶದ ಆಸ್ಥಾನದಲ್ಲಿ ಉಡುಪಿನ ಬಣ್ಣವೇ ಪದವಿಯನ್ನು ಸಾರುತ್ತಿತ್ತು: ರಾಜನ ನಿಲುವಂಗಿ ಕೆಂಪು, ಅಧಿಕಾರಿಗಳದು ದರ್ಜೆಗೆ ತಕ್ಕ ಬಣ್ಣ. ಕಪ್ಪು-ಬಿಳುಪಿನಲ್ಲಿ ಸಂಭಾಷಣೆಯಿಂದ ತಿಳಿಸಬೇಕಾಗಿದ್ದದ್ದನ್ನು ಈಗ ಕಣ್ಣೇ ಗ್ರಹಿಸುವಂತಾಯಿತು. 1983ರಿಂದ 1990ರವರೆಗೆ ಎಂಬಿಸಿ 'ಜೋಸನ್‌ನ 500 ವರ್ಷ' ಎಂಬ ಮಾಲಿಕೆಯನ್ನು ಪ್ರಸಾರ ಮಾಡಿತು. ಶಿನ್ ಬೊಂಗ್-ಸುಂಗ್ ಬರೆದ ಈ ಮಾಲಿಕೆ ಇಡೀ ವಂಶದ ಚರಿತ್ರೆಯನ್ನು ರಾಜನಿಂದ ರಾಜನಿಗೆ ದಾಟಿಸುತ್ತ ಹೋಯಿತು. ಅದರ ನಿರ್ದೇಶನದಲ್ಲಿ ವರ್ಷಗಟ್ಟಲೆ ದುಡಿದ ಲೀ ಬ್ಯುಂಗ್-ಹೂನ್ ಮುಂದೆ ಈ ಪ್ರಕಾರದ ದಿಕ್ಕನ್ನೇ ಬದಲಿಸಿದರು.

ಆ ಬದಲಾವಣೆಯ ಬೇರು ಒಂದು ಗ್ರಂಥರಾಶಿಯಲ್ಲಿದೆ. ಜೋಸನ್ ವಂಶದ ಆಡಳಿತ ವೃತ್ತಾಂತ 1392ರಿಂದ 1863ರವರೆಗಿನ 472 ವರ್ಷಗಳ ನಿತ್ಯದ ದಾಖಲೆ. 1,893 ಅಧ್ಯಾಯಗಳು, 888 ಸಂಪುಟಗಳು. ಆಸ್ಥಾನದ ಇತಿಹಾಸಕಾರರು ರಾಜನ ಸಭೆಯಲ್ಲಿ ಕುಳಿತು ನಡೆದದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ರಾಜ ತೀರಿಕೊಂಡ ಮೇಲಷ್ಟೇ ಆ ಟಿಪ್ಪಣಿಗಳಿಂದ ಅವನ ಕಾಲದ ವೃತ್ತಾಂತ ಸಿದ್ಧವಾಗುತ್ತಿತ್ತು. ತನ್ನ ಬಗ್ಗೆ ಏನು ಬರೆದಿದ್ದಾರೆಂದು ಓದುವ ಹಕ್ಕು ರಾಜನಿಗಿರಲಿಲ್ಲ. 1404ರಲ್ಲಿ ರಾಜ ತೇಜೊಂಗ್ ಬೇಟೆಯಾಡುವಾಗ ಕುದುರೆಯಿಂದ ಬಿದ್ದ. ಎದ್ದವನೇ ಸುತ್ತ ನೋಡಿ, ಈ ಸಂಗತಿ ಇತಿಹಾಸಕಾರನಿಗೆ ತಿಳಿಯದಿರಲಿ ಎಂದ. ಅವನು ಬಿದ್ದದ್ದೂ ವೃತ್ತಾಂತದಲ್ಲಿದೆ, ತಿಳಿಸಬೇಡಿ ಎಂದದ್ದೂ ಇದೆ. ಇಂಥ ನಿಷ್ಠುರತೆಯಿಂದ ಬರೆದ ದಾಖಲೆ ಲೋಕದಲ್ಲಿ ಅಪರೂಪ. ಪ್ರತಿಗಳನ್ನು ಬೇರೆ ಬೇರೆ ಊರುಗಳ ಭಂಡಾರಗಳಲ್ಲಿ ಇಡುತ್ತಿದ್ದರು; 1592ರಲ್ಲಿ ಜಪಾನಿನ ದಂಡು ಬಂದಾಗ ಉಳಿದವು ನಾಶವಾಗಿ ಜೊಂಜು ಊರಿನ ಪ್ರತಿಯೊಂದೇ ಉಳಿಯಿತು. ಅದರಿಂದಲೇ ಮತ್ತೆ ಪ್ರತಿಗಳಾದವು.

ಆದರೆ ಈ ವೃತ್ತಾಂತ ಇದ್ದದ್ದು ಶಾಸ್ತ್ರೀಯ ಚೀನೀ ಬರಹದಲ್ಲಿ. ಆಧುನಿಕ ಕೊರಿಯಾದ ಸಾಮಾನ್ಯ ಓದುಗನಿಗಿರಲಿ, ಬಹುಪಾಲು ಲೇಖಕರಿಗೂ ಅದು ಮುಚ್ಚಿದ ಬಾಗಿಲು. 1968ರಲ್ಲಿ ಶುರುವಾದ ಕೊರಿಯನ್ ಅನುವಾದ 1993ರಲ್ಲಿ 413 ಸಂಪುಟಗಳಾಗಿ ಮುಗಿಯಿತು. 1995ರಲ್ಲಿ ಅದು ಸಿಡಿಯಲ್ಲಿ ಬಂತು. ಒಂದು ಹೆಸರನ್ನು ಕೊಟ್ಟು ಇಡೀ 472 ವರ್ಷಗಳನ್ನು ಜಾಲಾಡುವುದು ಸಾಧ್ಯವಾಯಿತು. ಧಾರಾವಾಹಿ ಲೇಖಕರಿಗೆ ಇದರಿಂದ ಆದ ಪ್ರಯೋಜನ ಅಷ್ಟಿಷ್ಟಲ್ಲ. ರಾಜರ ಕಥೆ ಹೇಗೂ ಗೊತ್ತಿತ್ತು. ಇಡೀ ಗ್ರಂಥದಲ್ಲಿ ಎಲ್ಲೋ ನಾಲ್ಕು ಸಾಲಿನಲ್ಲಿ ಬಂದುಹೋಗುವ ವೈದ್ಯರು, ಚಿತ್ರಕಾರರು, ಊಳಿಗದವರು ಈಗ ಹುಡುಕಿದರೆ ಸಿಗುವಂತಾದರು.

1996ರಿಂದ 1998ರವರೆಗೆ 159 ಕಂತುಗಳಲ್ಲಿ ಬಂದ ಕೆಬಿಎಸ್‌ನ 'ಡ್ರ್ಯಾಗನ್‌ನ ಕಣ್ಣೀರು' ಹಳೆಯ ದಾರಿಯ ಶಿಖರ: ಕುದುರೆಯಿಂದ ಬಿದ್ದ ಅದೇ ತೇಜೊಂಗ್ ತಮ್ಮಂದಿರನ್ನು ಕೊಂದು ಪಟ್ಟಕ್ಕೆ ಬರುವ ಕಥೆ. ಅದರ ಬೆನ್ನಿಗೇ, 1999ರ ಕೊನೆಯಲ್ಲಿ, ಲೀ ಬ್ಯುಂಗ್-ಹೂನ್ ಎಂಬಿಸಿಗಾಗಿ 'ಹೊ ಜುನ್' ಮಾಡಿದರು. ಇದರ ನಾಯಕ ರಾಜವೈದ್ಯ. 1613ರಲ್ಲಿ ಅಚ್ಚಾದ 'ದೊಂಗುಯಿ ಬೋಗಮ್' ಎಂಬ ವೈದ್ಯಗ್ರಂಥದ ಕರ್ತೃ. ಕೀಳೆನಿಸಿದ ಹುಟ್ಟಿನಿಂದ ಬಂದವನು ವಿದ್ಯೆಯ ಬಲದಿಂದ ಮೇಲೇರುವ ಈ ಕಥೆಗೆ 60%ಕ್ಕೂ ಮೀರಿದ ವೀಕ್ಷಕ ಪ್ರಮಾಣ ದಕ್ಕಿತು. 1997ರ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರ ನಾಡದು. ಪಟ್ಟದ ಕಾದಾಟಕ್ಕಿಂತ ಕೈಕಸುಬಿನ ಏಳಿಗೆ ಆ ಜನಕ್ಕೆ ಹತ್ತಿರವಾಗಿದ್ದರೆ ಆಶ್ಚರ್ಯವಿಲ್ಲ.

ಇದೇ ದಾರಿಯಲ್ಲಿ 2003ರ ಸೆಪ್ಟೆಂಬರಿನಲ್ಲಿ 'ದೇ ಜಾಂಗ್ ಗುಮ್' ಬಂತು. ಕಿಮ್ ಯಂಗ್-ಹ್ಯೂನ್ ಬರೆದು, ಲೀ ಯಂಗ್-ಏ ನಾಯಕಿಯಾಗಿ ನಟಿಸಿದ ಇದರ 54 ಕಂತುಗಳು 2004ರ ಮಾರ್ಚ್‌ವರೆಗೆ ನಡೆದವು. ನಾಯಕಿ ಜಾಂಗ್ ಗುಮ್ ಕಲ್ಪಿತ ವ್ಯಕ್ತಿಯಲ್ಲ. 1506ರಿಂದ 1544ರವರೆಗೆ ಆಳಿದ ರಾಜ ಜುಂಗ್‌ಜೊಂಗ್‌ನ ವೃತ್ತಾಂತದಲ್ಲಿ ಈ ಹೆಸರಿನ ವೈದ್ಯ ಸ್ತ್ರೀ ಹತ್ತರಷ್ಟು ಕಡೆ ಬರುತ್ತಾಳೆ. ವೈದ್ಯ ಸ್ತ್ರೀಯರ ಏರ್ಪಾಡು ಆಗಿದ್ದು 1406ರಲ್ಲಿ. ಪರಪುರುಷ ವೈದ್ಯರಿಗೆ ಮೈ ತೋರಿಸಲೊಲ್ಲದೆ ಹೆಂಗಸರು ಸಾಯುತ್ತಿದ್ದುದನ್ನು ಕಂಡು, ಸರ್ಕಾರಿ ಜೀತದ ಹುಡುಗಿಯರಿಗೆ ನಾಡಿ ನೋಡುವುದು, ಸೂಜಿ ಚುಚ್ಚುವುದನ್ನು ಕಲಿಸಲಾಯಿತು. ವಿದ್ಯೆ ಕಲಿತರೂ ಅವರ ಸಾಮಾಜಿಕ ದರ್ಜೆ ಏರಲಿಲ್ಲ. ಜುಂಗ್‌ಜೊಂಗ್‌ಗೂ ಮೊದಲು ಆಳಿದ ಯೊನ್‌ಸಾನ್‌ಗುನ್ ಅವರನ್ನು ಔತಣಗಳಲ್ಲಿ ಮನರಂಜನೆಗೂ ಕರೆಸಿಕೊಂಡಿದ್ದ.

ದಾಖಲೆಯಲ್ಲಿ ಜಾಂಗ್ ಗುಮ್ ಮೊದಲು ಕಾಣಿಸುವುದು ಅಪರಾಧಿಯಾಗಿ. 1515ರಲ್ಲಿ ರಾಣಿ ಹೆರಿಗೆಯ ನಂತರ ತೀರಿಕೊಂಡಾಗ ಅವಳನ್ನು ಶಿಕ್ಷಿಸಬೇಕೆಂದು ಅಧಿಕಾರಿಗಳು ಪಟ್ಟು ಹಿಡಿದರು, ರಾಜ ಒಪ್ಪಲಿಲ್ಲ. 1522ರಲ್ಲಿ ರಾಜಮಾತೆಗೆ ಚಿಕಿತ್ಸೆ ಮಾಡಿದ್ದಕ್ಕೆ ಅಕ್ಕಿ, ಕಾಳುಗಳ ಬಹುಮಾನ. 1524ರಲ್ಲಿ, ಉಳಿದ ವೈದ್ಯ ಸ್ತ್ರೀಯರಿಗಿಂತ ಇವಳ ಕೈಗುಣ ಮಿಗಿಲೆಂದು ಪೂರ್ಣ ವೇತನ ಕೊಡುವ ಆಜ್ಞೆ. 1544ರಲ್ಲಿ ರಾಜ ಕೊನೆಯ ಕಾಯಿಲೆಯಲ್ಲಿದ್ದಾಗ ಆಸ್ಥಾನದ ವೈದ್ಯರಿದ್ದರೂ ತನ್ನ ರೋಗದ ಸ್ಥಿತಿ ವೈದ್ಯ ಸ್ತ್ರೀಗೆ ಗೊತ್ತಿದೆ ಎಂದು ಹೇಳಿದ್ದು ದಾಖಲಾಗಿದೆ. ಅಲ್ಲಿಗೆ ಅವಳ ಸುದ್ದಿ ಮುಗಿಯುತ್ತದೆ. ಹುಟ್ಟಿದ್ದೆಲ್ಲಿ, ತಂದೆ ತಾಯಿ ಯಾರು, ಸತ್ತದ್ದು ಯಾವಾಗ ಎಂಬ ಒಂದಕ್ಷರವೂ ಇಲ್ಲ. ಅವಳು ಅಡುಗೆ ಮಾಡಿದಳೆಂದು ವೃತ್ತಾಂತ ಎಲ್ಲೂ ಹೇಳುವುದಿಲ್ಲ. ಧಾರಾವಾಹಿಯ ಮೊದಲರ್ಧವನ್ನು ತುಂಬಿರುವ ರಾಜಪಾಕಶಾಲೆಯ ಕಥೆ ಪೂರ್ತಿಯಾಗಿ ಲೇಖಕಿಯ ಸೃಷ್ಟಿ. ಆಸ್ಥಾನದ ದೊಡ್ಡ ಔತಣಗಳಲ್ಲಿ ಒಲೆಯ ಮುಂದೆ ನಿಲ್ಲುತ್ತಿದ್ದವರು ಬಹುತೇಕ ಗಂಡಸರೇ. 1605ರ ಒಂದು ಔತಣಚಿತ್ರದಲ್ಲಿ ಅವರು ಕೆಲಸ ಮಾಡುತ್ತಿರುವುದು ಕಾಣುತ್ತದೆ.

ಸೃಷ್ಟಿಯಾದರೂ ತೆರೆಯ ಮೇಲಿನ ಅಡುಗೆ ಬರಿಯ ಊಹೆಯದಲ್ಲ. ಅದಕ್ಕೆ ಕೈಯಿಂದ ಕೈಗೆ ಬಂದ ಪರಂಪರೆಯಿತ್ತು. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿದ ಮೇಲೂ ಉಳಿದುಕೊಂಡಿದ್ದ ರಾಜಮನೆತನದ ಅಡುಗೆಮನೆಯಲ್ಲಿ ಹಾನ್ ಹುಯಿ-ಸುನ್ ಎಂಬ ಊಳಿಗದ ಹೆಂಗಸು ಕೊನೆಯ ರಾಣಿಗೆ ಅಡುಗೆ ಮಾಡುತ್ತಿದ್ದರು. 1940ರ ದಶಕದಲ್ಲಿ ಹ್ವಾಂಗ್ ಹ್ಯೆ-ಸಂಗ್ ಎಂಬ ಅಧ್ಯಾಪಕಿ ಅವರ ಬಳಿ ಹೋಗಿ ಕಲಿಯತೊಡಗಿದರು. ಅಳತೆ ಎಂಬುದು ಹಾನ್ ಅವರ ಬೆರಳುಗಳಲ್ಲಿತ್ತು. ಅದನ್ನು ಹ್ವಾಂಗ್ ಪುಸ್ತಕಕ್ಕೆ ಇಳಿಸಿದರು. 1970ರ ದಶಕದ ಆರಂಭದಲ್ಲಿ ಸರ್ಕಾರ ಜೋಸನ್ ರಾಜಪಾಕವನ್ನು 38ನೆಯ ಅಮೂರ್ತ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿ ಮೊದಲು ಹಾನ್ ಅವರನ್ನು, ಅವರ ನಂತರ ಹ್ವಾಂಗ್ ಅವರನ್ನು ಅದರ ವಾರಸುದಾರರೆಂದು ಮನ್ನಿಸಿತು. 'ದೇ ಜಾಂಗ್ ಗುಮ್'ನ ಅಡುಗೆಗಳಿಗೆ ಮಾರ್ಗದರ್ಶನ ಮಾಡಿದ್ದು ಹ್ವಾಂಗ್ ಅವರ ಮಗಳು ಹಾನ್ ಬೋಕ್-ರ್‍ಯೊ. ಕೊನೆಯ ರಾಣಿಯ ಅಡುಗೆಮನೆಯಿಂದ ಕ್ಯಾಮರಾದ ಮುಂದಿನ ಒಲೆಗೆ ನಡುವೆ ಇದ್ದದ್ದು ಮೂರೇ ಕೈಗಳು.

ಧಾರಾವಾಹಿಯ ಆರಂಭದ ಕಂತುಗಳಲ್ಲಿ ಬರುವ ಒಂದು ದೃಶ್ಯ ಈ ಇಡೀ ಬದಲಾವಣೆಯನ್ನು ತೋರಿಸುತ್ತದೆ. ಪಾಕಶಾಲೆಯ ಮುಖ್ಯಸ್ಥೆ ಪುಟ್ಟ ಹುಡುಗಿಯರ ಮುಂದೆ ಮಾಂಸದ ತುಣುಕು ಇಟ್ಟು ಇದಕ್ಕೆ ಸಿಹಿ ಎಲ್ಲಿಂದ ಬಂತೆಂದು ಕೇಳುತ್ತಾಳೆ. ಎಲ್ಲರೂ ಸಕ್ಕರೆ, ಜೇನು ಎನ್ನುವಾಗ ಜಾಂಗ್ ಗುಮ್ ಹಣ್ಣಾದ ಪರ್ಸಿಮನ್ ಎನ್ನುತ್ತಾಳೆ. ಹೇಗೆ ಗೊತ್ತಾಯಿತೆಂದು ಕೇಳಿದರೆ ಅವಳ ಬಳಿ ಬೇರೆ ವಿವರಣೆಯಿಲ್ಲ. ಬಾಯಿಗೆ ಹಾಗೆ ರುಚಿಸಿತು, ಹೇಳಿದಳು. ರಾಜ್ಯದ ಗತಿಯನ್ನೇ ಕಥೆ ಮಾಡಿಕೊಂಡಿದ್ದ ಪ್ರಕಾರವೊಂದು ಮಗುವಿನ ನಾಲಿಗೆಯ ಮೇಲೆ ಇಷ್ಟು ಹೊತ್ತು ನಿಂತದ್ದು ದೊಡ್ಡ ಸಂಗತಿ.

ಕೊರಿಯಾದಲ್ಲಿ 50%ಕ್ಕೂ ಹೆಚ್ಚು ವೀಕ್ಷಕರನ್ನು ಕಂಡ ಈ ಧಾರಾವಾಹಿ 2005ರಲ್ಲಿ ಹಾಂಗ್‌ಕಾಂಗ್‌ಗೂ ಚೀನಾದ ಹುನಾನ್ ವಾಹಿನಿಗೂ, ನಂತರ ಇರಾನ್ ಮತ್ತು ಶ್ರೀಲಂಕಾಕ್ಕೂ ಹೋಯಿತು. ಕೊರಿಯಾದ ಧಾರಾವಾಹಿಗಳಿಗೆ ಮಾರುಕಟ್ಟೆ ಆಗಲೇ ತೆರೆದಿತ್ತು. 1997ರ ಕುಸಿತದ ನಂತರ ಏಷ್ಯಾದ ವಾಹಿನಿಗಳಿಗೆ ಜಪಾನಿನ ಕಾರ್ಯಕ್ರಮ ದುಬಾರಿಯಾದಾಗ ಕೊರಿಯಾದ ಸರಕು ಅಗ್ಗಕ್ಕೆ ಸಿಕ್ಕಿತು. 2003ರಲ್ಲಿ 'ವಿಂಟರ್ ಸೊನಾಟಾ' ಜಪಾನನ್ನೇ ಗೆದ್ದಿತು. ಭಾರತದಲ್ಲಿ ಮೊದಲು ಒಲಿದದ್ದು ಮಣಿಪುರ. 2000ದಲ್ಲಿ ಅಲ್ಲಿನ ಉಗ್ರಗಾಮಿ ಸಂಘಟನೆಯೊಂದು ಹಿಂದಿ ಚಿತ್ರಗಳ ಮೇಲೆ ನಿಷೇಧ ಹೇರಿದಾಗ ಆ ಜಾಗವನ್ನು ಕೊರಿಯಾದ ಅರಿರಾಂಗ್ ವಾಹಿನಿಯೂ ಸಿಡಿಗಳೂ ತುಂಬಿದವು. 2006ರಲ್ಲಿ ದೂರದರ್ಶನವೂ 'ಎಂಪರರ್ ಆಫ್ ದಿ ಸೀ' ಮತ್ತು 'ದೇ ಜಾಂಗ್ ಗುಮ್'ಗಳನ್ನು ಪ್ರಸಾರ ಮಾಡಿತು. ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ವಿರೋಧವಿದ್ದುದರಿಂದ ಕನ್ನಡಿಗರು ಇಂಥ ಧಾರಾವಾಹಿಗಳನ್ನು ಬಹುಮಟ್ಟಿಗೆ ಇಂಗ್ಲಿಷ್ ಅಡಿಬರಹದ ಮೂಲಕವೇ ನೋಡುತ್ತ ಬಂದರು.

ಚೀನಾದ ಹಾದಿ ಬೇರೆ. ಅಲ್ಲಿ 1958ರಲ್ಲಿ ಪ್ರಸಾರ ಆರಂಭವಾಗಿ, ಅದೇ ವರ್ಷ ಜೂನ್‌ನಲ್ಲಿ ಮೊದಲ ಟೆಲಿವಿಷನ್ ನಾಟಕ ನೇರಪ್ರಸಾರವಾಯಿತು. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳು ಎಲ್ಲವನ್ನೂ ಅಡಗಿಸಿದವು. 1980ರ ದಶಕದಲ್ಲಿ ಮತ್ತೆ ಎದ್ದಾಗ ಚೀನಾದ ಟೆಲಿವಿಷನ್ ಮೊದಲು ಕೈಹಾಕಿದ್ದು ಅರಮನೆಗಲ್ಲ, ಅಭಿಜಾತ ಕಾದಂಬರಿಗಳಿಗೆ. ಯಾಂಗ್ ಜಿಯೆ ನಿರ್ದೇಶಿಸಿದ 'ಪಶ್ಚಿಮ ಯಾತ್ರೆ'ಯ ಚಿತ್ರೀಕರಣ 1982ರಲ್ಲಿ ಒಂದೇ ಕ್ಯಾಮರಾದೊಂದಿಗೆ ಶುರುವಾಯಿತು. ನಡುವೆ ಹಣ ಬರಿದಾಗಿ, ರೈಲ್ವೆ ನಿರ್ಮಾಣ ಸಂಸ್ಥೆಯೊಂದು ಕೊಟ್ಟ 30 ಲಕ್ಷ ಯುವಾನ್‌ನಿಂದ ಮುಂದುವರಿದು, 25 ಕಂತುಗಳು 1988ರಲ್ಲಿ ಪೂರ್ಣವಾದವು. ಈ ಕಥೆಯಲ್ಲಿ ಕಪಿವೀರನೊಡನೆ ಭಾರತಕ್ಕೆ ಬರುವ ಭಿಕ್ಷು ಹ್ಯೂಯೆನ್ ತ್ಸಾಂಗ್ ಕನ್ನಡಿಗರಿಗೆ ಶಾಲೆಯ ಪಾಠದಿಂದಲೇ ಪರಿಚಿತ. ಬಾದಾಮಿಯ ಇಮ್ಮಡಿ ಪುಲಿಕೇಶಿಯ ಪರಾಕ್ರಮವನ್ನು ಬರೆದಿಟ್ಟವನು ಅವನೇ. 1987ರಲ್ಲಿ 'ಕೆಂಪು ಮಹಡಿಯ ಕನಸು', 1994ರಲ್ಲಿ 84 ಕಂತುಗಳ 'ಮೂರು ರಾಜ್ಯಗಳು' ಬಂದವು.

ಚೀನಾದ ಕೊನೆಯ ರಾಜವಂಶವಾದ ಚಿಂಗ್ ಅರಮನೆಯ ದಾಖಲೆಗಳಿಗೆ ಕೊರಿಯಾದಂಥ ಅದೃಷ್ಟವಿರಲಿಲ್ಲ. 1911ರ ಕ್ರಾಂತಿಯ ನಂತರ ಅವು ದಿಕ್ಕಿಲ್ಲದೆ ಬಿದ್ದಿದ್ದವು. 1921ರಲ್ಲಿ ಹಣದ ಅಡಚಣೆಗೆ ಸಿಕ್ಕ ಇತಿಹಾಸ ಸಂಗ್ರಹಾಲಯ 8,000 ಚೀಲಗಳಷ್ಟು ಕಾಗದಪತ್ರಗಳನ್ನು ರದ್ದಿ ಕಾಗದದ ಬೆಲೆಗೆ 4,000 ಬೆಳ್ಳಿ ನಾಣ್ಯಗಳಿಗೆ ಮಾರಿಬಿಟ್ಟಿತು. ವಿದ್ವಾಂಸ ಲುವೊ ಝೆನ್‌ಯು ಸುದ್ದಿ ತಿಳಿದು ಮೂರು ಪಟ್ಟು ಹಣ ಕೊಟ್ಟು ಬಹುಪಾಲನ್ನು ಬಿಡಿಸಿಕೊಂಡದ್ದರಿಂದ ಅವು ಉಳಿದವು. ಇಂದು ಬೀಜಿಂಗ್‌ನ ಪ್ರಥಮ ಐತಿಹಾಸಿಕ ದಾಖಲೆ ಭಂಡಾರದಲ್ಲಿ ಮಿಂಗ್, ಚಿಂಗ್ ಕಾಲದ ಒಂದು ಕೋಟಿಗೂ ಹೆಚ್ಚು ಪತ್ರಗಳಿವೆ. ಚೀನಾದ ಅರಮನೆ ಧಾರಾವಾಹಿಗಳು ಚಿಂಗ್ ಕಾಲವನ್ನೇ ಹೆಚ್ಚಾಗಿ ಆರಿಸಿಕೊಳ್ಳಲು ಒಂದು ಕಾರಣ ಈ ಸಮೃದ್ಧಿ.

1999ರಲ್ಲಿ ಹು ಮೇ ನಿರ್ದೇಶಿಸಿದ 'ಯೊಂಗ್‌ಝೆಂಗ್ ವಂಶ' ಆ ಹೆಸರಿನ ಚಿಂಗ್ ಚಕ್ರವರ್ತಿಯನ್ನು ಭ್ರಷ್ಟರ ವಿರುದ್ಧ ಹೋರಾಡುವ ಆಡಳಿತಗಾರನಾಗಿ ಚಿತ್ರಿಸಿತು. ಅಂತಃಪುರ ಅದರಲ್ಲಿ ಹಿನ್ನೆಲೆ ಮಾತ್ರ. ಅಂತಃಪುರವನ್ನೇ ಮುನ್ನೆಲೆಗೆ ತಂದದ್ದು ಹಾಂಗ್‌ಕಾಂಗ್: 2004ರ 'ವಾರ್ ಆ್ಯಂಡ್ ಬ್ಯೂಟಿ' 30 ಕಂತುಗಳಲ್ಲಿ ರಾಣಿವಾಸದ ಹೆಂಗಸರ ಸಂಚು, ಭಯ, ಸ್ನೇಹಗಳನ್ನು ಬಿಡಿಸಿತು. ಮರುವರ್ಷವೇ 'ದೇ ಜಾಂಗ್ ಗುಮ್' ಚೀನಾದ ಮನೆಗಳನ್ನು ಸೇರಿತು. ಎರಡರ ನಂತರ ಚೀನಾದಲ್ಲಿ ಬಂದ ಅತಿ ಗಟ್ಟಿ ಕೃತಿ 2011ರ 'ಝೆನ್ ಹುವಾನ್ ಕಥನ'. ಲಿಯು ಲಿಯಾನ್‌ಜಿ ಅಂತರ್ಜಾಲದಲ್ಲಿ ಬರೆದ ಕಾದಂಬರಿ ನಡೆಯುವುದು ಕಲ್ಪಿತ ರಾಜ್ಯದಲ್ಲಿ; ನಿರ್ದೇಶಕ ಝೆಂಗ್ ಶಿಯಾವೊಲೊಂಗ್ ಅದನ್ನು ಯೊಂಗ್‌ಝೆಂಗ್‌ನ ಕಾಲಕ್ಕೆ ತಂದು 76 ಕಂತು ಮಾಡಿದರು. 12 ವರ್ಷ ಹಿಂದೆ ಆದರ್ಶ ಆಡಳಿತಗಾರನಾಗಿದ್ದ ಅದೇ ಚಕ್ರವರ್ತಿ ಇಲ್ಲಿ ಸಂಶಯದ ಮುದುಕ. ಅವನ ಸುತ್ತ ಹೆಣ್ಣುಮಕ್ಕಳು ಬಾಡುತ್ತಾರೆ, ಕಲ್ಲಾಗುತ್ತಾರೆ. ಕೊನೆಗೆ ರಾಜಮಾತೆಯ ಪೀಠ ಸಿಕ್ಕಾಗ ಝೆನ್ ಹುವಾನ್‌ಳ ಬಳಿ ಪ್ರೀತಿಸಲು ಉಳಿದವರು ಬಹಳ ಕಡಿಮೆ. ಇದನ್ನು ಸಂಚುಗಳ ಕಥೆಯೆಂದಷ್ಟೇ ನೋಡಿದವರು ಅದರ ದುಃಖವನ್ನು ನೋಡಿಲ್ಲ.

ಇಂಥ ಕಥೆಗಳಿಗೆ ಅರಮನೆಯೂ ಬೇಕಿತ್ತು. ಬೀಜಿಂಗ್‌ನ ನಿಜವಾದ ಅರಮನೆಯಾದ ನಿಷಿದ್ಧ ನಗರ ಈಗ ಸಂಗ್ರಹಾಲಯ. ಅಲ್ಲಿ ತಿಂಗಳುಗಟ್ಟಲೆ ಚಿತ್ರೀಕರಣ ಆಗದು. ಝೆಜಿಯಾಂಗ್ ಪ್ರಾಂತ್ಯದ ಹೆಂಗ್‌ದಿಯನ್ ಎಂಬ ಊರಿನಲ್ಲಿ ಉದ್ಯಮಿ ಶು ವೆನ್‌ರೊಂಗ್ 1996ರಲ್ಲಿ 'ಅಫೀಮು ಯುದ್ಧ' ಚಿತ್ರಕ್ಕೆ ಬೀದಿಯೊಂದನ್ನು ಕಟ್ಟಿಸಿಕೊಟ್ಟರು. ಅದೇ ಬೆಳೆದು ನಿಷಿದ್ಧ ನಗರದ ಪ್ರತಿರೂಪವೂ ಸೇರಿ ಜಗತ್ತಿನ ಅತಿ ದೊಡ್ಡ ಚಿತ್ರೀಕರಣ ನೆಲೆಗಳಲ್ಲಿ ಒಂದಾಯಿತು. 2018ರ 'ಯಾನ್‌ಶಿ ಅರಮನೆಯ ಕಥೆ' ತಯಾರಾದದ್ದು ಇಲ್ಲಿಯೇ. ಇದರ 70 ಕಂತುಗಳಲ್ಲಿ ನಾಯಕಿ ಕಸೂತಿ ಕೋಣೆಯ ಕೆಲಸದವಳಾಗಿ ಬರುತ್ತಾಳೆ, ಮತ್ತು ಇಡೀ ಧಾರಾವಾಹಿಯ ಜೀವ ಕೈಕೆಲಸದಲ್ಲಿದೆ. ಚಿಂಗ್ ರಾಣಿವಾಸದ ಪದ್ಧತಿಯಂತೆ ಇಲ್ಲಿನ ಹೆಂಗಸರ ಒಂದೊಂದು ಕಿವಿಯಲ್ಲೂ ಮೂರು ಮೂರು ಓಲೆಗಳಿವೆ; ಹಿಂದಿನ ಧಾರಾವಾಹಿಗಳು ಒಂದರಲ್ಲೇ ಮುಗಿಸಿದ್ದವು. ಮುಡಿಯಲ್ಲಿರುವುದು ರೇಷ್ಮೆ ಎಳೆಯಿಂದ ಮಾಡುವ ನಾನ್‌ಜಿಂಗ್‌ನ ಮಖಮಲ್ ಹೂವು. ಎಳೆಗಳನ್ನು ಸಣ್ಣ ತಾಮ್ರದ ತಂತಿಯ ನಡುವೆ ಹಿಡಿದು ಹೊಸೆದು, ಕತ್ತರಿಯಿಂದ ದಳದ ಆಕಾರಕ್ಕೆ ಕತ್ತರಿಸಿ ಕಟ್ಟುವ ಈ ಕೆಲಸವನ್ನು ಬಲ್ಲವರು ಕೆಲವೇ ಮಂದಿ ಉಳಿದಿದ್ದರು. ಧಾರಾವಾಹಿಯ ನಂತರ ಈ ಹೂವಿಗೆ ಮತ್ತೆ ಬೇಡಿಕೆ ಬಂತು.

ಜನಪ್ರಿಯತೆಯ ಜೊತೆಗೇ ನಿರ್ಬಂಧಗಳೂ ಬಂದವು. 2019ರ ಜನವರಿಯಲ್ಲಿ 'ಬೀಜಿಂಗ್ ಡೈಲಿ' ಪತ್ರಿಕೆ ಅಂತಃಪುರದ ಕಥೆಗಳು ವೈಭೋಗವನ್ನೂ ಕುತಂತ್ರವನ್ನೂ ಬೆಳೆಸುತ್ತಿವೆ ಎಂದು ಖಂಡಿಸಿತು; ಕೆಲವೇ ದಿನಗಳಲ್ಲಿ ವಾಹಿನಿಗಳು 'ಯಾನ್‌ಶಿ'ಯ ಮರುಪ್ರಸಾರ ಕೈಬಿಟ್ಟವು. ಎರಡು ದೇಶಗಳ ನಡುವಿನ ಬಾಗಿಲೂ ಮುಚ್ಚಿತು. ಪ್ರಾಚೀನ ಗೊಗುರ್‍ಯೊ ರಾಜ್ಯ ಯಾರದೆಂಬ ವಿವಾದದ ಹಿನ್ನೆಲೆಯಲ್ಲಿ ಕೊರಿಯಾ 2006ರಲ್ಲಿ 'ಜುಮೊಂಗ್'ನಂಥ ಧಾರಾವಾಹಿಗಳನ್ನು ಮಾಡಿತ್ತು. 2016ರಲ್ಲಿ ಅಮೆರಿಕದ ಕ್ಷಿಪಣಿ ನಿರೋಧಕ ವ್ಯವಸ್ಥೆಗೆ ಕೊರಿಯಾ ಜಾಗ ಕೊಟ್ಟ ಮೇಲೆ ಚೀನಾದ ತೆರೆಗಳಲ್ಲಿ ಹೊಸ ಕೊರಿಯನ್ ಧಾರಾವಾಹಿಗಳು ಕಾಣದಾದವು. 2021ರ ಮಾರ್ಚ್‌ನಲ್ಲಿ ಎಸ್‌ಬಿಎಸ್‌ನ 'ಜೋಸನ್ ಎಕ್ಸಾರ್ಸಿಸ್ಟ್' ಎರಡೇ ಕಂತಿಗೆ ನಿಂತಿತು: ಜೋಸನ್ ರಾಜಕುಮಾರ ಬರುವ ದೃಶ್ಯದಲ್ಲಿ ಚೀನೀ ಶೈಲಿಯ ತಿನಿಸುಗಳನ್ನು ಇಟ್ಟಿದ್ದಕ್ಕೆ ಕೊರಿಯಾದ ವೀಕ್ಷಕರು ಸಿಡಿದೆದ್ದರು, ಜಾಹೀರಾತುದಾರರು ಹಿಂದೆ ಸರಿದರು. ಅದಕ್ಕೂ ಮೊದಲು 2020ರ ಡಿಸೆಂಬರಿನಲ್ಲಿ 'ಮಿಸ್ಟರ್ ಕ್ವೀನ್' ಧಾರಾವಾಹಿಯ ಪಾತ್ರವೊಂದು ಆಡಳಿತ ವೃತ್ತಾಂತವನ್ನು ಕೀಳುಮಟ್ಟದ ಪತ್ರಿಕೆಗೆ ಹೋಲಿಸಿದ್ದಕ್ಕೆ ಪ್ರತಿಭಟನೆ ಎದ್ದಿತು, ಮಾತನ್ನು ತೆಗೆಯಲಾಯಿತು.

ಇಂಥ ಇಕ್ಕಟ್ಟುಗಳಿಂದ ಪಾರಾಗಲು ಎರಡೂ ದೇಶಗಳ ಲೇಖಕರಿಗೆ ಒಂದೇ ದಾರಿ ಅನುಕೂಲವಾಗಿ ಕಂಡಿದೆ: ಇತಿಹಾಸದಲ್ಲಿಲ್ಲದ ರಾಜರನ್ನು ಸೃಷ್ಟಿಸಿಕೊಳ್ಳುವುದು. ಕೊರಿಯಾದಲ್ಲಿ 2012ರ 'ಸೂರ್ಯನನ್ನು ಅಪ್ಪಿದ ಚಂದ್ರ', 2022ರ 'ಅಂಡರ್ ದಿ ಕ್ವೀನ್ಸ್ ಅಂಬ್ರೆಲಾ' ಎರಡರಲ್ಲೂ ರಾಜ ಕಲ್ಪಿತ. ಚೀನಾದಲ್ಲಿ 2015ರ 54 ಕಂತುಗಳ 'ನಿರ್ವಾಣ ಇನ್ ಫೈರ್' ನಡೆಯುವ ಲಿಯಾಂಗ್ ರಾಜ್ಯವೂ ಹಾಗೆಯೇ. ಈ ಕಲ್ಪಿತ ಆಸ್ಥಾನಗಳಿಗೂ ನಿಲುವಂಗಿಯ ಬಣ್ಣ, ಊಳಿಗದವರ ದರ್ಜೆ, ರಾಣಿಯ ಮುಂದಿನ ತಟ್ಟೆಗಳ ಜೋಡಣೆಯನ್ನು ಬಹುಪಾಲು ಹಳೆಯ ವೃತ್ತಾಂತಗಳಿಂದ, ಚಿತ್ರಗಳಿಂದಲೇ ಎತ್ತಿಕೊಳ್ಳಲಾಗುತ್ತಿದೆ.